ಜೀಪು ಗಾಣಗಾಪುರಕ್ಕೆ ಹೋದ ದಿನ

ನೇಮಕಾತಿಯ ಕಡತಕ್ಕೆ ಎರಡು ಮಗ್ಗುಲುಗಳಿರುತ್ತವೆ. ಎಡಗಡೆ ಟಿಪ್ಪಣಿ ಹಾಳೆಗಳು. ಅಲ್ಲಿ ಕಚೇರಿ ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತದೆ. ಬಲಗಡೆ ಪತ್ರಗಳು; ಅಲ್ಲಿ ಅದು ಲೋಕದೊಡನೆ ಮಾತಾಡುತ್ತದೆ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಈ ಎರಡು ಮಾತುಗಳ ನಡುವೆ ಕುಳಿತಿದ್ದೆ. ಎರಡೂ ಒಂದೇ ಆಗಿರಬೇಕು ಎಂಬುದು ನನ್ನ ಹಟವಾಗಿತ್ತು. ಒಂದು ಸಲ ಅವು ಬೇರೆಯಾದವು, ಮತ್ತು ಬೇರೆ ಮಾಡಿದವನು ನಾನೇ. ಈಗ ಸಿಬ್ಬಂದಿ ವಿಭಾಗಗಳಿಗೆ ಹೊಸದಾಗಿ ಸೇರುತ್ತಿರುವ ತರುಣ ತರುಣಿಯರು ನಿಯಮಗಳ ಪುಸ್ತಕವನ್ನು ನನಗಿಂತ ಚೆನ್ನಾಗಿ ಓದಿರುತ್ತಾರೆ. ಆ ಪುಸ್ತಕದಲ್ಲಿಲ್ಲದ ಸಂಗತಿಯೊಂದನ್ನು ಅವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಅಫಜಲಪುರದ ಹೊರಗೆ, ಸರ್ಕಾರದ ಅನುದಾನದಿಂದ ನಡೆಯುತ್ತಿದ್ದ ಒಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲಿ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಅದನ್ನು ಬರೀ ‘ಸಂಸ್ಥಾ’ ಎನ್ನುತ್ತಿದ್ದೆವು. ಎಪ್ಪತ್ತರ ದಶಕದ ನಡುವೆ ನಾನು ಅಲ್ಲಿ ಗುಮಾಸ್ತನಾಗಿ ಸೇರಿದಾಗ ನನ್ನ ಆಸ್ತಿ ಎಂದರೆ ಸರಸಂಬಾದ ಒಕ್ಕಲುತನದ ಮನೆಯ ಹೆಸರು, ಒಂದು ಪದವಿ, ಮತ್ತು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಐದಾರು ಫಲಕಗಳು. ಸರಿಯಾದವರ ನೇಮಕವಾದರೆ ಸಂಸ್ಥೆ ಸರಿಯಾಗುತ್ತದೆ, ಸಂಸ್ಥೆ ಸರಿಯಾದರೆ ಈ ಭೀಮಾತೀರದ ಸೀಮೆಯೇ ಸರಿಯಾಗುತ್ತದೆ ಎಂದು ನಾನು ಖರೇ ನಂಬಿದ್ದೆ. ಈಗಲೂ ನಂಬುತ್ತೇನೆ. ನಡುವೆ ಎಷ್ಟು ಮೆಟ್ಟಿಲುಗಳಿವೆ ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಚರ್ಚೆಯನ್ನು ನನಗೆ ಕಲಿಸಿದವರು ಆಳಂದದ ಕಾಲೇಜಿನ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಮಾಡ್ಯಾಳ ಸರ್. ಶನಿವಾರ ಪಾಠ ಮುಗಿದ ಮೇಲೆ ನಮ್ಮನ್ನು ಎರಡು ಪಕ್ಷ ಮಾಡಿ ಕೂಡಿಸುತ್ತಿದ್ದರು. ನಾವು ನಮ್ಮ ವಾದವನ್ನು ಕಂಠಪಾಠ ಮಾಡಿ ಎದ್ದು ನಿಂತೊಡನೆ, ಮೊದಲು ಎದುರಿನವರ ವಾದವನ್ನು ಹೇಳಿ ತೋರಿಸು ಎನ್ನುತ್ತಿದ್ದರು. ಎದುರಿನ ಹುಡುಗ, ‘ಹೌದು, ನಾ ಹೇಳೋದು ಇದನ್ನೇ’ ಎಂದು ಒಪ್ಪಿದ ಮೇಲೆಯೇ ನಮ್ಮ ಮಾತು ಶುರುವಾಗಬೇಕು. ಅಂಕಗಳು ಹತ್ತಕ್ಕೆ. ಆದರೆ ಎಂಥ ಭಾಷಣಕ್ಕೂ ಅವರು ಏಳಕ್ಕಿಂತ ಹೆಚ್ಚು ಕೊಟ್ಟವರಲ್ಲ. ಕೇಳಿದರೆ, ಉಳಿದ ಮೂರು ಎದುರಿನವನ ಪಾಲು, ಅದನ್ನು ನಾನು ಹೆಂಗ ನಿನಗ ಕೊಡಲಿ ಎಂದು ನಗುತ್ತಿದ್ದರು. ನನಗೆ ನಾಲ್ಕು ವರ್ಷಗಳಲ್ಲಿ ಎರಡು ಬಾರಿ ಏಳು ಬಂದಿತ್ತು. ಅದನ್ನು ಊರ ತುಂಬ ಹೇಳಿಕೊಂಡಿದ್ದೆ.

ಸಂಸ್ಥೆಯಲ್ಲಿ ನನ್ನ ಮೊದಲ ಮೇಲಧಿಕಾರಿ ಮೈನುದ್ದೀನ ಸಾಹೇಬರು, ಸಿಬ್ಬಂದಿ ವಿಭಾಗದ ಅಧೀಕ್ಷಕರು. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಓದಿ, ಕನ್ನಡದ ಟಿಪ್ಪಣಿಯನ್ನು ಆಮೇಲೆ ಕಲಿತವರು. ನನ್ನ ಮೊದಲ ಟಿಪ್ಪಣಿ ಒಬ್ಬ ಅಧ್ಯಾಪಕರ ರಜೆಯ ವಿಷಯದ್ದು. ಮೂರು ಸಾಲು ಸಾಕಾಗಿದ್ದಲ್ಲಿ ನಾನು ನಾಲ್ಕು ಪುಟ ಬರೆದು, ಕೊನೆಗೆ ‘ಆದುದರಿಂದ ನ್ಯಾಯದ ದೃಷ್ಟಿಯಿಂದಲೂ ಮಾನವೀಯತೆಯ ದೃಷ್ಟಿಯಿಂದಲೂ’ ಎಂದು ಮುಗಿಸಿದ್ದೆ. ಸಾಹೇಬರು ಕನ್ನಡಕ ಏರಿಸಿ ಪೂರ್ತಿ ಓದಿದರು. ಸಿಟ್ಟಾಗಲಿಲ್ಲ.

“ತಮ್ಮಾ ಅಣ್ಣಾರಾಯ, ಭಾಳ ಛಲೋ ಬರದೀ. ಚಪ್ಪಾಳಿ ಹೊಡೀಲೇನು?” ಎಂದರು. ನಾನು ತಲೆ ತಗ್ಗಿಸಿದೆ. “ಫೈಲ್ ಅಂದ್ರ ಭಾಷಣ ಅಲ್ಲಪಾ, ಫೈಲ್ ಅಂದ್ರ ಗವಾಹಿ. ನೀ ಸತ್ತ ಮ್ಯಾಲೂ ಸಾಕ್ಷಿ ಹೇಳ್ತದ ಅದು. ಸಾಕ್ಷಿಗಾರ ಜಾಸ್ತಿ ಮಾತಾಡಿದ್ರ ಜಡ್ಜ್ ಸಾಹೇಬಗ ಶಕ್ ಬರ್ತದ.”

ಅವರದೊಂದು ಪದ್ಧತಿ ಇತ್ತು. ಯಾವುದೇ ಪತ್ರ ಸಹಿಗೆ ಹೋಗುವ ಮುನ್ನ, ಏನೂ ತಿಳಿಯದ ಅಪರಿಚಿತನೊಬ್ಬ ಎದುರಿಗೆ ಕುಳಿತಿದ್ದಾನೆ ಎಂದು ಭಾವಿಸಿ ಅದನ್ನು ಗಟ್ಟಿಯಾಗಿ ಓದಬೇಕು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಒಂದೋ ವ್ಯಾಕರಣ ತಪ್ಪಿದೆ, ಇಲ್ಲವೇ ನಿಯತ್ತು ತಪ್ಪಿದೆ ಎನ್ನುತ್ತಿದ್ದರು. ಇದನ್ನು ನೀವೂ ಮಾಡಿ ನೋಡಿ. ಬಾಗಿಲು ಹಾಕಿಕೊಂಡು ಮಾಡಿ; ನಮ್ಮ ವಿಭಾಗದ ಕಿಟಕಿಯ ಆಚೆ ವಿದ್ಯಾರ್ಥಿಗಳು ನಿಂತು ನಗುತ್ತಿದ್ದರು.

ನಾನು ಕಂಡ ಮೊದಲ ರಿಟ್ ಅರ್ಜಿ ಗ್ರಂಥಪಾಲಕರ ನೇಮಕದ್ದು. ಭೂಸನೂರಿನ ಅಭ್ಯರ್ಥಿಯೊಬ್ಬರು ಬಸ್ಸು ತಪ್ಪಿಸಿಕೊಂಡು ಕಬ್ಬಿನ ಟ್ರ್ಯಾಕ್ಟರ್ ಏರಿ ಸಂದರ್ಶನಕ್ಕೆ ಬಂದಿದ್ದರು. ಮುಂಗೈ ತುಂಬ ಕಬ್ಬಿನ ಗರಿ ಗೀರಿದ ಗೆರೆಗಳು. ಅವರೇ ಆಯ್ಕೆಯಾದರು. ಆಯ್ಕೆಯಾಗದ ಒಬ್ಬರು, ತಮ್ಮ ಪದವಿಯ ಅಂಕ ಹೆಚ್ಚಿದ್ದೂ ತಮ್ಮನ್ನು ಬಿಟ್ಟರೆಂದು ಹೈಕೋರ್ಟಿಗೆ ಹೋದರು. ಆಗ ನಮ್ಮ ಕಡೆಗೆ ಹೈಕೋರ್ಟಿನ ಪೀಠ ಇರಲಿಲ್ಲ. ಬೆಂಗಳೂರಿಗೇ ಹೋಗಬೇಕು, ಮೂಲ ಕಡತವನ್ನು ತಗಡಿನ ಟ್ರಂಕಿನಲ್ಲಿಟ್ಟು, ಅರಗಿನ ಮುದ್ರೆ ಒತ್ತಿ, ಗುಲ್ಬರ್ಗಾದಿಂದ ರೈಲಿನಲ್ಲಿ ಒಯ್ಯಬೇಕು. ಆ ಟ್ರಂಕಿನ ಮೇಲೆ ಕಾಲಿಟ್ಟ ಸಹಪ್ರಯಾಣಿಕರೊಬ್ಬರಿಗೆ ನಾನು ಸಾರ್ವಜನಿಕ ದಾಖಲೆಗಳ ಪಾವಿತ್ರ್ಯದ ಬಗ್ಗೆ ಉಪನ್ಯಾಸ ಕೊಟ್ಟದ್ದು ನೆನಪಿದೆ. ಅವರು ಕಾಲು ತೆಗೆದು, ಲಗ್ನದ ಲಾಡು ಇರಬೇಕು ಎಂದು ತಮ್ಮ ಹೆಂಡತಿಗೆ ಹೇಳಿದರು.

ಆ ಪ್ರಕರಣಕ್ಕೆ ನಾನು ಹನ್ನೊಂದು ಪುಟಗಳ ಉತ್ತರ ಸಿದ್ಧಪಡಿಸಿದ್ದೆ. ನಾವು ಆರಿಸಿದವರೇ ಹೇಗೆ ಶ್ರೇಷ್ಠರು ಎಂಬುದನ್ನು ಅದರಲ್ಲಿ ಸಾಧಿಸಿದ್ದೆ. ನಮ್ಮ ವಕೀಲರು ಒಂಬತ್ತು ಪುಟಗಳನ್ನು ಪಕ್ಕಕ್ಕಿಟ್ಟರು. ಯಾರು ಶ್ರೇಷ್ಠರೆಂದು ನ್ಯಾಯಾಲಯ ಕೇಳುವುದೇ ಇಲ್ಲ ಎಂದು ಅಂದು ತಿಳಿಯಿತು. ಜಾಹೀರಾತಿನಲ್ಲಿ ಹೇಳಿದ ಅರ್ಹತೆಯನ್ನೇ ನೋಡಿದರೋ, ಕೂರಬೇಕಾದವರೆಲ್ಲ ಕೂತಿದ್ದರೋ, ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಬಗೆಯಲ್ಲಿ ಕಂಡರೋ — ಇಷ್ಟೇ ಅದರ ಪ್ರಶ್ನೆ. ಜೇವರ್ಗಿಯ ಅಡತಿ ಅಂಗಡಿಯಲ್ಲಿ ನನ್ನ ತಂದೆ ತೊಗರಿ ಮಾರುವಾಗ ಕಾಳನ್ನು ನೋಡುತ್ತಿರಲಿಲ್ಲ, ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದರು. ನ್ಯಾಯಾಲಯವೂ ಹಾಗೆಯೇ. ತೂಗುವ ಕೆಲಸ ನಮ್ಮದೇ. ಮುಳ್ಳು ನೆಟ್ಟಗಿದೆಯೇ ಎಂದು ನೋಡುವುದು ಅದರದು. ಗ್ರಂಥಪಾಲಕರ ವಿಷಯದಲ್ಲಿ ಮುಳ್ಳು ನೆಟ್ಟಗಿತ್ತು. ಅರ್ಜಿ ವಜಾ ಆಯಿತು. ನಾನು ಗೆದ್ದವನ ಹೆಮ್ಮೆಯಿಂದ ಟ್ರಂಕು ಹೊತ್ತು ಮರಳಿದೆ. ಆ ಹೆಮ್ಮೆಯೇ ಮುಂದೆ ಕಣ್ಣಿಗೆ ಪೊರೆಯಾಯಿತು.

ಎಂಬತ್ತರ ದಶಕ ಬಂತು. ಮೈನುದ್ದೀನ ಸಾಹೇಬರು ನಿವೃತ್ತರಾಗಿ ಅವರ ಕುರ್ಚಿಯಲ್ಲಿ ನಾನಿದ್ದೆ. ಗ್ರಾಮೀಣ ಅರ್ಥಶಾಸ್ತ್ರಕ್ಕೆ ಒಬ್ಬ ಪ್ರಾಧ್ಯಾಪಕರನ್ನು ನೇಮಿಸಬೇಕಾಗಿತ್ತು. ಬಂದ ಅರ್ಜಿಗಳಲ್ಲಿ ಒಂದು ಮಾಡ್ಯಾಳ ಸರ್ ಅವರದು. ಅವರಿಗೆ ನಿವೃತ್ತಿಗೆ ಏಳೆಂಟು ವರ್ಷ ಉಳಿದಿತ್ತು. ಇಡೀ ಜೀವಮಾನ ಪದವಿಯ ತರಗತಿಗಳಿಗೇ ಪಾಠ ಮಾಡಿ, ಸಂಶೋಧನೆಗೊಂದು ಕೋಣೆ ಸಿಗಲೆಂದು ಹಂಬಲಿಸುತ್ತಿದ್ದ ಮನುಷ್ಯ. ನಾನು ಅವರ ಅರ್ಜಿಯನ್ನು ಇತರ ಅರ್ಜಿಗಳಂತೆಯೇ ಪರಿಶೀಲಿಸಿದೆ. ಅವರು ನನ್ನ ಗುರುಗಳೆಂದು ಕುಲಸಚಿವರಿಗೆ ಮೊದಲೇ ಹೇಳಿದ್ದೆ. ಅಲ್ಲಿಯವರೆಗೆ ಎಲ್ಲವೂ ಸರಿಯಿತ್ತು.

ನಮ್ಮ ಸಂಸ್ಥೆಯಲ್ಲಿ ಒಂದು ರೂಢಿ ಬೆಳೆದಿತ್ತು. ಆಯ್ಕೆ ಸಮಿತಿಗೆ ಹೊರಗಿನಿಂದ ಬರುವ ವಿಷಯತಜ್ಞರು ಯಾರೇ ಇರಲಿ, ಅವರಿಗೆ ಗಾಣಗಾಪುರದ ದರ್ಶನ ಮಾಡಿಸಿ ಕಳಿಸುವುದು. ಇಷ್ಟು ದೂರ, ಇಷ್ಟು ಧೂಳಿನಲ್ಲಿ ಬರಲು ದೊಡ್ಡ ವಿದ್ವಾಂಸರು ಒಪ್ಪುತ್ತಿದ್ದುದೇ ಅನೇಕ ಸಲ ದತ್ತಾತ್ರೇಯನ ಸಲುವಾಗಿ. ಚಾಲಕ ಇಸ್ಮಾಯಿಲ್‌ಗೆ ಅಲ್ಲಿಯ ಅರ್ಚಕರು, ವಸತಿಗೃಹದವರು, ಪ್ರಸಾದದ ಅಂಗಡಿಯವರು ಎಲ್ಲರೂ ಪರಿಚಯ. ನಾವು ಇದನ್ನು ಆತಿಥ್ಯ ಎಂದೇ ತಿಳಿದಿದ್ದೆವು. ಸಾಮಾನ್ಯವಾಗಿ ಸಂದರ್ಶನ ಮುಗಿದು ಊಟವಾದ ಮೇಲೆ ಜೀಪು ಹೊರಡುತ್ತಿತ್ತು.

ಆ ದಿನ ಬಂದ ತಜ್ಞರು ಮಹಾರಾಷ್ಟ್ರದ ಕಡೆಯ ವೃದ್ಧ ಪಂಡಿತರು, ಮೃದು ಮಾತಿನವರು. ಅವರಿಗೊಂದು ಹರಕೆ ಇತ್ತು: ಗಾಣಗಾಪುರದಲ್ಲಿ ಮಧುಕರಿ ಬೇಡುವುದು. ನಡುಮಧ್ಯಾಹ್ನದ ಹೊತ್ತಿಗೆ ಜೋಳಿಗೆ ಹಿಡಿದು ಐದು ಮನೆಗಳಲ್ಲಿ ಭಿಕ್ಷೆ ಬೇಡುವ ವ್ರತ ಅದು. ಆ ಹೊತ್ತಿನಲ್ಲಿ ದತ್ತನೇ ಬೇಡುವವರ ನಡುವೆ ಇರುತ್ತಾನೆಂದು ನಂಬಿಕೆ. ಹೊತ್ತು ಮೀರಿದರೆ ಹರಕೆ ಸಲ್ಲದು. ಆರು ಅಭ್ಯರ್ಥಿಗಳಲ್ಲಿ ಐವರ ಸಂದರ್ಶನ ಮುಗಿಯುವಾಗಲೇ ಹನ್ನೊಂದು ದಾಟಿತ್ತು. ಪಂಡಿತರು ಗಡಿಯಾರ ನೋಡಿಕೊಂಡದ್ದನ್ನು ಸಮಿತಿಯ ಅಧ್ಯಕ್ಷರಾಗಿದ್ದ ನಮ್ಮ ನಿರ್ದೇಶಕರು ಕಂಡರು, ನಿರ್ದೇಶಕರ ಮುಖವನ್ನು ನಾನು ಕಂಡೆ. ಆಯ್ಕೆ ಸಮಿತಿಯ ನಡಾವಳಿಯ ಹಾಳೆಯನ್ನು ಪಂಡಿತರ ಮುಂದಿಟ್ಟು, ಸಹಿ ಬೀಳಬೇಕಾದ ಜಾಗದಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿದವನು ನಾನು. ನಡಾವಳಿ ಇನ್ನೂ ಖಾಲಿ ಇತ್ತು. ಅವರು ಹಸಿರು ಶಾಯಿಯ ಪೆನ್ನಿನಿಂದ ಸಹಿ ಮಾಡಿದರು. ಆರನೆಯ ಅಭ್ಯರ್ಥಿಯ ಅರ್ಜಿಯನ್ನು ಎರಡು ನಿಮಿಷ ತಿರುವಿ, ಅಂಕಪಟ್ಟಿಯಲ್ಲಿ ಆ ಹೆಸರಿನ ಮುಂದೆ ಒಂದು ಅಂಕ ಬರೆದು, ಎಲ್ಲರಿಗೂ ಕೈಮುಗಿದು ಜೀಪು ಹತ್ತಿದರು.

ಆರನೆಯವರು ಡಾಕ್ಟರ್ ನೀಲಮ್ಮ ನೆಲೋಗಿ. ಜೇವರ್ಗಿಯಿಂದ ಎರಡು ಬಸ್ಸು ಬದಲಿಸಿ, ಎಲ್ಲರಿಗಿಂತ ಮೊದಲೇ ಬಂದು ಬೇವಿನ ನೆರಳಿನ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಜೇವರ್ಗಿ ಸೀಮೆಯ ತೊಗರಿ ಹೊಲಗಳಲ್ಲಿ ಹೆಣ್ಣಾಳುಗಳ ದುಡಿಮೆಯ ಕುರಿತು, ಆ ಹೊಲಗಳಲ್ಲೇ ವರ್ಷಗಟ್ಟಲೆ ತಿರುಗಿ ಪ್ರಬಂಧ ಬರೆದಿದ್ದರು. ಸಮಿತಿಯವರ ಚಹಾ ಮುಗಿದು ಹನ್ನೆರಡು ದಾಟಿದ ಮೇಲೆ ಒಳಗೆ ಕರೆದಾಗ ಆ ಪ್ರಬಂಧವನ್ನು ಎದೆಗವಚಿಕೊಂಡು ಬಂದರು. ಕೂತಿದ್ದವರಲ್ಲಿ ಅರ್ಥಶಾಸ್ತ್ರ ಬಲ್ಲವರು ಯಾರೂ ಉಳಿದಿರಲಿಲ್ಲ. ಯಾವ ಊರು, ಮನೆಯಲ್ಲಿ ಯಾರಿದ್ದಾರೆ, ಇಷ್ಟು ದೂರ ಬಂದಿರಲು ಆಗುತ್ತದೆಯೇ ಎಂದು ಕೇಳಿದರು. ಒಬ್ಬರು ತೊಗರಿಯ ಬೆಳೆ ಈ ವರ್ಷ ಹೇಗಿದೆ ಎಂದರು. ಹತ್ತು ನಿಮಿಷದಲ್ಲಿ ಮುಗಿಯಿತು.

ಹೊರಗೆ ಬಂದವರು ಬಾಗಿಲ ಬಳಿ ನನ್ನನ್ನು ನಿಲ್ಲಿಸಿದರು. “ಒಂದು ಕೇಳ್ತೀನ್ರಿ. ಅವ್ರಾಗ ನಮ್ಮ ವಿಷಯದ ತಜ್ಞರು ಯಾರಿದ್ರು?”

ನಾನು ನಕ್ಕು, “ಎಲ್ಲಾರೂ ತಜ್ಞರೇ ಇದ್ದಾರ್ರೀ ಅಕ್ಕಾರ,” ಎಂದೆ.

ಚರ್ಚಾಸ್ಪರ್ಧೆಯಲ್ಲಿ ಇಂಥ ಉತ್ತರಕ್ಕೆ ಸಭೆ ನಗುತ್ತದೆ. ಅವರು ನಗಲಿಲ್ಲ. ಪ್ರಬಂಧವನ್ನು ಮತ್ತೆ ಚೀಲದೊಳಗಿಟ್ಟು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ಮಾಡ್ಯಾಳ ಸರ್ ಆಯ್ಕೆಯಾದರು. ಪಂಡಿತರು ಕೊಟ್ಟ ಅಂಕಗಳಲ್ಲಿಯೂ ಅವರೇ ಮೇಲಿದ್ದರು. ಅವರಿಗೆ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಸಿಕ್ಕಿತು, ಗೋಡೆಯುದ್ದಕ್ಕೂ ಪುಸ್ತಕದ ಹಲಗೆಗಳು. ಅವರು ಮೊದಲ ದಿನ ಆ ಖಾಲಿ ಹಲಗೆಗಳ ಮೇಲೆ ಕೈಯಾಡಿಸುತ್ತ ನಿಂತಿದ್ದನ್ನು ನಾನು ಬಾಗಿಲಿನಿಂದ ನೋಡಿದೆ. ನನ್ನ ನೌಕರಿಯಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಕೆಲವು ತಿಂಗಳಲ್ಲಿ ನೋಟಿಸು ಬಂತು. ನೀಲಮ್ಮನವರ ರಿಟ್ ಅರ್ಜಿ ಬಹಳ ಚಿಕ್ಕದು. ಜಾತಿಯ ಮಾತಿಲ್ಲ, ಹೆಣ್ಣೆಂಬ ಮಾತಿಲ್ಲ, ಯಾರ ಮೇಲೂ ದೂರಿಲ್ಲ. ಅದರ ಜೀವವೆಲ್ಲ ಒಂದು ವಾಕ್ಯದಲ್ಲಿತ್ತು: ತನ್ನ ವಿಷಯದ ಕುರಿತು ತನ್ನನ್ನು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಂಸ್ಥೆ ಮೊದಲ ಪ್ರತಿವಾದಿ, ನಿರ್ದೇಶಕರು ಎರಡನೆಯವರು, ಮಾಡ್ಯಾಳ ಸರ್ ಮೂರನೆಯವರು.

ಅರ್ಜಿಯ ಒಂದೊಂದು ಪ್ಯಾರಾಕ್ಕೂ ಸಂಸ್ಥೆಯ ಉತ್ತರ ಬರೆಯುವುದು ನನ್ನ ಕೆಲಸ. ರೂಢಿಯ ವಾಕ್ಯ ಬೆರಳ ತುದಿಯಲ್ಲೇ ಇತ್ತು: ‘ಸಮಿತಿಯ ಎಲ್ಲ ಸದಸ್ಯರೂ ಹಾಜರಿದ್ದು ನಡಾವಳಿಗೆ ಸಹಿ ಮಾಡಿರುತ್ತಾರೆ.’ ಬೆರಳಚ್ಚು ಮಾಡಿದೆ. ಅದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದದ್ದು ಏನೂ ಇರಲಿಲ್ಲ. ಹಾಜರಿದ್ದರು, ಹೌದು. ಸಹಿ ಮಾಡಿದರು, ಹೌದು. ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಆ ಸಾಲಿಗೆ ಬಂದಾಗ ನಾಲಿಗೆ ತಡವರಿಸಿತು. ಇನ್ನೊಮ್ಮೆ ಓದಿದೆ, ಅಲ್ಲೇ ನಿಂತಿತು. ವ್ಯಾಕರಣ ಸರಿಯಾಗಿಯೇ ಇತ್ತು.

ಎದ್ದು ವಾಹನ ಶೆಡ್ಡಿಗೆ ಹೋಗಿ ಇಸ್ಮಾಯಿಲ್‌ನ ಲಾಗ್‌ಬುಕ್ ಕೇಳಿದೆ. ಜೀಪು ಯಾವಾಗ ಹೊರಟಿತು, ಎಲ್ಲಿಗೆ, ಯಾವಾಗ ಮರಳಿತು ಎಂದು ಬರೆದು, ಪ್ರಯಾಣ ಮಾಡಿದವರ ಸಹಿ ಪಡೆಯುವ ಪುಸ್ತಕ ಅದು. ಇಸ್ಮಾಯಿಲ್ ಶಿಸ್ತಿನ ಮನುಷ್ಯ. ಪುಟ ತೆರೆದು ತೋರಿಸಿದ. ಹನ್ನೊಂದೂ ಇಪ್ಪತ್ತಕ್ಕೆ ನಿರ್ಗಮನ, ಗಾಣಗಾಪುರ, ಉದ್ದೇಶ ದೇವರ ದರ್ಶನ. ಕೆಳಗೆ ಪಂಡಿತರ ಸಹಿ, ಅದೇ ಹಸಿರು ಶಾಯಿ. ನಮ್ಮ ನಡಾವಳಿಯಲ್ಲಿ ಸಂದರ್ಶನ ಮುಗಿದ ವೇಳೆ ಹನ್ನೆರಡೂವರೆ ಎಂದು ನಾನೇ ಬರೆದಿದ್ದೆ. ಒಬ್ಬರೇ ಮನುಷ್ಯ, ಒಂದೇ ಪೆನ್ನು. ಒಂದು ಕಾಗದದಲ್ಲಿ ಅವರು ನಮ್ಮ ಕೋಣೆಯಲ್ಲಿದ್ದಾರೆ, ಇನ್ನೊಂದರಲ್ಲಿ ಜೋಳಿಗೆ ಹಿಡಿದು ಭೀಮೆಯ ದಡದಲ್ಲಿದ್ದಾರೆ.

“ಏನಾರ ತಪ್ಪು ಬರದೀನೇನ್ರಿ ಸಾಹೇಬ್ರ?” ಎಂದು ಇಸ್ಮಾಯಿಲ್ ಗಾಬರಿಯಾದ.

“ಇಲ್ಲ. ಇಡೀ ಸಂಸ್ಥಾದಾಗ ಆವತ್ತು ಖರೇ ಬರದಾಂವ ನೀ ಒಬ್ಬನೇ,” ಎಂದೆ.

ಆ ಸಂಜೆ ಮಾಡಬಾರದ್ದೊಂದನ್ನು ಮಾಡಿದೆ, ನೀವು ಮಾಡಬೇಡಿ. ಮಾಡ್ಯಾಳ ಸರ್ ಕೋಣೆಗೆ ಹೋದೆ. ಹಲಗೆಗಳು ಅಷ್ಟರಲ್ಲಿ ತುಂಬಿದ್ದವು. ಸರ್, ಒಂದು ಮಾತು ಎಂದು ನಾನು ತೊಡಗುತ್ತಲೇ ಅವರು ಕೈಯೆತ್ತಿದರು.

“ಅಣ್ಣಾರಾಯ, ನೀ ಸಂಸ್ಥಾದ ಮನಷ್ಯಾ. ನಾ ಮೂರನೇ ಪ್ರತಿವಾದಿ. ನಮ್ಮಿಬ್ಬರ ನಡುವ ಈಗ ಚಾ ಆಗಬಹುದು, ಮಾತು ಆಗಂಗಿಲ್ಲ.”

ಚಹಾ ತರಿಸಿದರು. ಇಬ್ಬರೂ ಕುಡಿದೆವು. ಹೊರಡುವಾಗ ಅವರು ನನ್ನ ಖಾಲಿ ಬಟ್ಟಲನ್ನು ತಾವೇ ಎತ್ತಿಟ್ಟರು. ಅವರಿಗೆ ಜೀಪಿನ ವಿಷಯ ಗೊತ್ತಿದೆಯೋ ಇಲ್ಲವೋ, ನಾನು ಬರೆಯಲಿರುವುದನ್ನು ಅವರು ಹೇಗೆ ತೆಗೆದುಕೊಳ್ಳುವರೋ, ಏನೊಂದೂ ತಿಳಿಯದೆ ಹೊರಬಂದೆ. ಎದುರಿನವರ ವಾದವನ್ನು ಮೊದಲು ಹೇಳು ಎಂದು ಕಲಿಸಿದವರು ಅವರು. ಆ ಪಾಠವನ್ನು ಅವರ ವಿರುದ್ಧವೇ ಒಪ್ಪಿಸಬೇಕಾಗಿ ಬಂದಿತ್ತು.

ಹೊಸ ಕರಡು ಬರೆದೆ. ಅರ್ಜಿದಾರರ ಸಂದರ್ಶನದ ವೇಳೆಗೆ ವಿಷಯತಜ್ಞರು ಹೊರಟುಹೋಗಿದ್ದರು, ಅಂಕವನ್ನು ಅರ್ಜಿ ನೋಡಿ ಮೊದಲೇ ಬರೆದಿದ್ದರು, ಖಾಲಿ ನಡಾವಳಿಗೆ ಸಹಿ ಪಡೆದವನು ಅಧೀಕ್ಷಕನಾದ ನಾನು, ಯಾರು ತಜ್ಞರೆಂದು ಅರ್ಜಿದಾರರು ಕೇಳಿದಾಗ ಸರಿಯಾದ ಉತ್ತರ ಕೊಡದವನೂ ನಾನು ಎಂದು ಕಾಣಿಸಿದೆ. ಪಂಡಿತರಿಗೂ ಇದನ್ನು ತಿಳಿಸುವುದು ನ್ಯಾಯವೆಂದು ಕಾಗದ ಬರೆದೆ. ಅವರು ಮರುಟಪಾಲಿಗೆ ಒಂದು ಸಾಲಿನ ಉತ್ತರ ಕಳಿಸಿದರು: ಆ ದಿನ ದೇವರ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಹೋದೆ, ಒಬ್ಬ ಹೆಣ್ಣುಮಗಳ ಬಾಗಿಲು ಮುಚ್ಚಿ ಹೋದೆನೆಂದು ತಿಳಿಯಲಿಲ್ಲ, ಇದ್ದದ್ದನ್ನು ಬರೆಯಿರಿ. ಅದನ್ನೂ ಕಡತದ ಬಲಮಗ್ಗುಲಿಗೆ ಸೇರಿಸಿದೆ.

ಕುಲಸಚಿವರು ಕುಲಕರ್ಣಿ ಸಾಹೇಬರು. ಕೆಟ್ಟವರಲ್ಲ, ಅಂಜುವವರು. ಅಂಜುವುದಕ್ಕೆ ಅವರಿಗೆ ಕಾರಣಗಳೂ ಇದ್ದವು. ಕರಡನ್ನು ಎರಡು ಸಲ ಓದಿ ಬಾಗಿಲು ಮುಚ್ಚಿಸಿದರು.

“ಲಾಗ್‌ಬುಕ್ ಅವ್ರು ಕೇಳ್ಯಾರೇನು?”

“ಇಲ್ರಿ.”

“ಕೇಳದ ದಾಖಲಿ ನಾವಾಗೇ ಒಯ್ದು ಕೊಡೂದಾ?”

“ಅವ್ರಿಗೆ ಅದು ಇದ್ದದ್ದೇ ಗೊತ್ತಿಲ್ರಿ ಸಾಹೇಬ್ರ. ಗೊತ್ತಿದ್ರ ಕೇಳ್ತಿದ್ರು. ಗೊತ್ತಿಲ್ಲಂತ ನಾವು ಮುಚ್ಚಿಟ್ರ, ನಾವು ಗೆದ್ದಿದ್ದು ವಾದದಾಗ ಅಲ್ಲ, ಅವ್ರ ಕತ್ತಲ್ಯಾಗ.”

ಅವರು ಕರಡನ್ನು ಮಡಿಚಿ ಮುಂದಿಟ್ಟುಕೊಂಡರು. “ಮಾಡ್ಯಾಳ ನಿನ್ನ ಮಾಸ್ತರಲ್ಲೇನು?”

“ಹೌದ್ರಿ.”

“ಅವ್ರ ಕುರ್ಚಿ ಹೋಗ್ತದ.”

“ಗೊತ್ತದರಿ.”

ಮೂರು ದಿನ ಕರಡು ಅವರ ಮೇಜಿನ ಮೇಲಿತ್ತು. ನಾಲ್ಕನೆಯ ದಿನ ಸಹಿಯಾಗಿ ಬಂತು. ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಕೊನೆಯಲ್ಲಿ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದ್ದರು: ತಜ್ಞರನ್ನು ದರ್ಶನಕ್ಕೆ ಕಳಿಸುವ ಈ ರೂಢಿ ನನ್ನ ಅರಿವಿನಲ್ಲಿಯೇ ನಡೆದುಬಂದಿದೆ. ಅಂಜುವವರು ಬರೆದ ಆ ಸಾಲಿನ ತೂಕ ನನ್ನ ಎಲ್ಲ ಪ್ಯಾರಾಗಳಿಗಿಂತ ಹೆಚ್ಚು. ಯಾರಾದರೂ ಮೇಲಧಿಕಾರಿಗಳನ್ನು ಹಗುರವಾಗಿ ಆಡಿದಾಗ ನನಗೆ ಆ ಕೈಬರಹ ಕಣ್ಣಿಗೆ ಕಟ್ಟುತ್ತದೆ. ಉತ್ತರದ ಪ್ರತಿಗಳು ರೂಢಿಯಂತೆ ಎಲ್ಲ ಕಕ್ಷಿಗಾರರಿಗೂ ಹೋದವು. ಮೂರನೇ ಪ್ರತಿವಾದಿಗೂ ಒಂದು ಹೋಯಿತು.

ಅರ್ಜಿ ವಿಚಾರಣೆಗೆ ಬರಲು ವರ್ಷ ಮೀರಿತು. ಅಷ್ಟು ದಿನವೂ ಮಾಡ್ಯಾಳ ಸರ್ ಎದುರಾದಾಗ ನಮಸ್ಕಾರ, ಅವರ ಪ್ರತಿನಮಸ್ಕಾರ, ಅಷ್ಟೇ. ಅವರು ಆ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೆಲಸ ಮಾಡುತ್ತಿದ್ದರು, ಅವಸರವಿದ್ದವರಂತೆ.

ಬೆಂಗಳೂರಿನಲ್ಲಿ ನಾನು ಟ್ರಂಕಿನೊಡನೆ ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಈ ಸಲ ಯಾರಿಗೂ ಉಪನ್ಯಾಸ ಕೊಟ್ಟಿರಲಿಲ್ಲ. ನ್ಯಾಯಮೂರ್ತಿಗಳು ನಡಾವಳಿಯನ್ನೂ ಲಾಗ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟುಕೊಂಡು, ಎರಡು ಹಸಿರು ಸಹಿಗಳನ್ನು ನೋಡಿದರು. ಇನ್ನೇನಾದರೂ ವಾದಿಸುವುದಿದೆಯೇ ಎಂದು ನಮ್ಮ ವಕೀಲರನ್ನು ಕೇಳಿದರು. ಇಲ್ಲವೆಂದರು. ಕಾಣದ ಅಭ್ಯರ್ಥಿಗೆ ಹಾಕಿದ ಅಂಕ ಮೌಲ್ಯಮಾಪನವಲ್ಲ, ಯಾರು ಹೆಚ್ಚು ಯೋಗ್ಯರೆಂದು ನ್ಯಾಯಾಲಯ ಹೇಳುವುದಿಲ್ಲ, ಆರೂ ಜನರ ಸಂದರ್ಶನ ಹೊಸದಾಗಿ ನಡೆಯಲಿ — ಆದೇಶದ ಸಾರ ಇಷ್ಟು. ಅಲ್ಲಿಯವರೆಗೆ ಮಾಡ್ಯಾಳ ಸರ್ ಮುಂದುವರಿಯಬಹುದೆಂದರು. ನಮ್ಮನ್ನು ಗದರಲಿಲ್ಲ. ಸಂಸ್ಥೆ ತಾನಾಗಿಯೇ ಲಾಗ್‌ಬುಕ್ ತಂದದ್ದನ್ನು ಒಂದು ವಾಕ್ಯದಲ್ಲಿ ಗುರುತಿಸಿದರು.

ಹೊರಗಿನ ಉದ್ದ ಪಡಸಾಲೆಯಲ್ಲಿ ನೀಲಮ್ಮನವರು ನಿಂತಿದ್ದರು. ನನ್ನನ್ನು ಗುರುತು ಹಿಡಿದರು.

“ನೀವೇ ಅಲ್ಲೇನ್ರಿ, ಎಲ್ಲಾರೂ ತಜ್ಞರೇ ಅಂದವ್ರು?”

“ಹೌದ್ರಿ, ನಾನೇ.”

“ಭಾಳ ಶಾಣ್ಯಾ ಉತ್ತರ ಇತ್ತು. ಮನಿಗೆ ಹೋಗೂತನಾ ಬಸ್ಸಿನಾಗ ಅದನ್ನೇ ಜಗಿದೀನಿ.” ಆಮೇಲೆ ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ. “ತಗೋರ್ರಿ. ಉಂಡಿಲ್ಲಂತ ಮಾರೀನೇ ಹೇಳಾಕತ್ತದ. ಇದಕ್ಕೇನು ತಜ್ಞರು ಬೇಕಾಗಿಲ್ಲ.”

ಇಬ್ಬರೂ ಟ್ರಂಕಿನ ಮೇಲೆ ಗಂಟು ಹರಡಿಕೊಂಡು ತಿಂದೆವು. ನಾನು ಕ್ಷಮೆ ಕೇಳಲು ಒಂದು ವಾಕ್ಯ ಕಟ್ಟುತ್ತಿದ್ದೆ. ಅವರು ಇನ್ನೊಂದು ರೊಟ್ಟಿ ಮುರಿದು ನನ್ನ ಕೈಗಿಟ್ಟರು. ವಾಕ್ಯ ಅಲ್ಲಿಗೇ ನಿಂತಿತು.

ಎರಡನೆಯ ಸಂದರ್ಶನದ ಹೊತ್ತಿಗೆ ನಮ್ಮ ವಿಧಾನ ಬದಲಾಗಿತ್ತು. ನಾನು ಪೆನ್ಸಿಲ್ ಗುರುತು ಹಾಕುವುದನ್ನು ಬಿಟ್ಟಿದ್ದೆ. ಸಮಿತಿಯಲ್ಲಿ ಯಾರಿದ್ದಾರೆ, ಯಾರ ವಿಷಯ ಯಾವುದು ಎಂದು ಬರೆದ ಹಲಗೆಯನ್ನು ಬೇವಿನ ಮರಕ್ಕೆ ತೂಗುಹಾಕಿದ್ದೆ. ಯಾರು ಯಾವಾಗ ಒಳಬಂದರು, ಎದ್ದುಹೋದರು ಎಂಬುದೂ ನಡಾವಳಿಗೆ ಬರುತ್ತಿತ್ತು. ಮುಂದೆ ಬೆರಳಚ್ಚು ಯಂತ್ರ ಹೋಗಿ ಗಣಕಯಂತ್ರ ಬಂದಾಗಲೂ ಆ ಹಲಗೆ ಮಾತ್ರ ಉಳಿಯಿತು. ಹೊಸ ತಜ್ಞರು ಬಂದಿಳಿದಾಗ ಇಸ್ಮಾಯಿಲ್ ಅಭ್ಯಾಸಬಲದಿಂದ ದರ್ಶನಕ್ಕೆ ಎಷ್ಟೊತ್ತಿಗೆ ಎಂದು ಕೇಳಿ, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ದರ್ಶನ ಇರಲಿ, ಎಲ್ಲರ ಸಹಿಯಾದ ಮೇಲೆ ಎಂದೆ. ರೂಢಿಯನ್ನು ಕೊಲ್ಲಬೇಕಿರಲಿಲ್ಲ, ಅದರ ಹೊತ್ತನ್ನು ಸರಿಪಡಿಸಿದರೆ ಸಾಕಾಗಿತ್ತು.

ಆ ದಿನ ನೀಲಮ್ಮನವರನ್ನು ಮುಕ್ಕಾಲು ಗಂಟೆ ಕೇಳಿದರು. ಕಿಟಕಿ ತೆರೆದಿತ್ತು. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದು ಋಣ ತೀರಿಸುವ ತೊಗರಿ ಕೊಯ್ಲಿನ ಮುಯ್ಯಾಳು ಪದ್ಧತಿಯಲ್ಲಿ ಹೆಂಗಸರು ಪರಸ್ಪರರ ದಿನಗಳನ್ನು ಹೇಗೆ ನೆನಪಿಡುತ್ತಾರೆ ಎಂದು ಅವರು ವಿವರಿಸುತ್ತಿದ್ದುದು ಬೇವಿನ ಮರದವರೆಗೂ ಕೇಳುತ್ತಿತ್ತು. ಕಲ್ಲುಬೆಂಚಿನ ಮೇಲೆ ಕುಳಿತ ಮಾಡ್ಯಾಳ ಸರ್ ತಮ್ಮ ಟಿಪ್ಪಣಿಗಳನ್ನು ಮುಚ್ಚಿ, ತಲೆಯಾಡಿಸುತ್ತ ಕೇಳುತ್ತಿದ್ದರು. ಒಮ್ಮೆ ಜೇಬಿನಿಂದ ಪೆನ್ಸಿಲ್ ತೆಗೆದು ಏನನ್ನೋ ಬರೆದುಕೊಂಡರು.

ನೀಲಮ್ಮನವರು ಆಯ್ಕೆಯಾದರು.

ಮಾಡ್ಯಾಳ ಸರ್ ಆಳಂದದ ಕಾಲೇಜಿನ ತಮ್ಮ ಹಳೆಯ ಹುದ್ದೆಗೆ ಮರಳಬೇಕಾಯಿತು. ಅವರು ಕೋಣೆ ಬಿಡುವ ದಿನ ನಾನು ಹೋದೆ. ಈಗ ಮಾತಿಗೆ ಅಡ್ಡಿ ಇರಲಿಲ್ಲ. ಇಬ್ಬರೂ ಸೇರಿ ಹಲಗೆಗಳಿಂದ ಪುಸ್ತಕಗಳನ್ನು ಇಳಿಸಿ ಗೋಣಿಚೀಲಗಳಿಗೆ ತುಂಬಿದೆವು. ಒಂದೆರಡು ಪುಸ್ತಕಗಳನ್ನು ಅವರು ತುಂಬಲಿಲ್ಲ; ಮೇಜಿನ ಮೇಲೆ ಉಳಿಸಿ, ಆ ಹೆಣ್ಮಗಳಿಗೆ ಬೇಕಾಗ್ತಾವ, ಇಲ್ಲೇ ಇರಲಿ ಎಂದರು. ನಾನು ಚೀಲದ ಬಾಯಿ ಕಟ್ಟತೊಡಗಿದೆ. ಅವರು ಮೇಜಿನ ಖಾನೆಯಿಂದ ಮಡಿಚಿದ ಕಾಗದಗಳನ್ನು ತೆಗೆದು ನನ್ನ ಮುಂದೆ ಹಿಡಿದರು.

ಸಂಸ್ಥೆಯ ಉತ್ತರದ ಪ್ರತಿ, ಮೂರನೇ ಪ್ರತಿವಾದಿಗೆ ಹೋದದ್ದು. ಮೊದಲ ಪುಟದ ಮೇಲ್ಗಡೆ, ಶನಿವಾರದ ಭಾಷಣಗಳಿಗೆ ಹಾಕುತ್ತಿದ್ದಂತೆ, ಪೆನ್ಸಿಲ್ಲಿನಿಂದ ಒಂದು ಅಂಕ ಬರೆದು ಸುತ್ತ ವೃತ್ತ ಎಳೆದಿದ್ದರು. ಒಂಬತ್ತು.

ನಾನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. “ಏಳರ ಮ್ಯಾಲೆ ನೀವು ಯಾರಿಗೂ ಕೊಟ್ಟಿಲ್ರಿ ಸರ್. ಎದುರಿನವ್ರ ಪಾಲು…”

“ಎದುರಿನವ್ರ ಪಾಲು ಇದರಾಗ ನೀನೇ ಅವ್ರಿಗೆ ಕೊಟ್ಟಬಿಟ್ಟೀಯಲ್ಲ. ಇನ್ನ ನಾ ಯಾಕ ಹಿಡಕೋಬೇಕು?”

“ಮತ್ತ ಒಂದು ಯಾಕ ಕಡದ್ರಿ?” ಎಂದೆ.

ಅವರು ಕನ್ನಡಕ ಹಾಕಿಕೊಂಡು, ಪುಟ ತಿರುವಿ, ಆರನೆಯ ಪ್ಯಾರಾದ ಮೇಲೆ ಬೆರಳಿಟ್ಟರು. “ಇಲ್ಲಿ ನೋಡು. ತಪ್ಪು ನಂದು ಅಂತ ಮೂರು ಸಲ ಬರದೀ. ತಪ್ಪು ಒಮ್ಮೆ ಒಪ್ಕೊಂಡ್ರ ಸಾಕಪಾ. ಮೂರು ಸಲ ಒಪ್ಕೊಂಡ್ರ ಅದು ಭಾಷಣ ಆಗ್ತದ. ಇಷ್ಟಕ್ಕ ಬಿಡು ಇನ್ನ.”

ಆಮೇಲೆ ಚೀಲದ ಒಂದು ತುದಿ ಅವರು ಹಿಡಿದರು, ಇನ್ನೊಂದನ್ನು ನಾನು ಹಿಡಿದೆ. ಆಳಂದದ ಬಸ್ಸಿನವರೆಗೆ ಹಾಗೆಯೇ ನಡೆದೆವು.

ಆ ಪ್ರತಿ ಈಗ ನನ್ನ ಮೇಜಿನ ಮೇಲಿದೆ. ಪೆನ್ಸಿಲ್ ಅಂಕ ಮಸುಕಾಗಿದ್ದರೂ ಓದಬಹುದು. ಈ ಬರಹವನ್ನು ಮುಗಿಸಿ, ಹಳೆಯ ಪದ್ಧತಿಯಂತೆ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿದೆ. ನಾಲಿಗೆ ಎಲ್ಲಿಯೂ ತಡವರಿಸಲಿಲ್ಲ. ಆದರೆ ಆ ತಪ್ಪನ್ನು ಇಲ್ಲಿಯೂ ಒಂದಕ್ಕಿಂತ ಹೆಚ್ಚು ಸಲ ಒಪ್ಪಿಕೊಂಡಿದ್ದೇನೆ. ಸರ್ ಓದಿದ್ದರೆ ಇನ್ನೊಂದು ಅಂಕ ಕಡಿಯುತ್ತಿದ್ದರು.